ಗಿರಣಿಯ ಒಬ್ಬನೇ ಓದುಗ ಮುಕ್ತ ಜ್ಞಾನ ಪರಿಷತ್ತಿಗೆ ಬರೆದದ್ದು

ಸರಸಂಬಾ, ತಾಲೂಕು ಆಳಂದ, ಜಿಲ್ಲಾ ಗುಲ್ಬರ್ಗಾ
೨೪ ಮಾರ್ಚ್ ೧೯೮೮

ಪ್ರಧಾನ ಕಾರ್ಯದರ್ಶಿಗಳು,
ಅಖಿಲ ಭಾರತ ಮುಕ್ತ ಜ್ಞಾನ ಪ್ರಸಾರ ಪರಿಷತ್ತು, ದೆಹಲಿ, ಇವರ ಸನ್ನಿಧಿಗೆ

ಮಾನ್ಯರೇ,

ತಮಗೂ, ತಮ್ಮ ಕಾರ್ಯಕಾರಿ ಸಮಿತಿಯ ಇಪ್ಪತ್ತೊಂದು ಮಂದಿ ಸದಸ್ಯರಿಗೂ, ತಮ್ಮ ವಾರ್ಷಿಕ ವರದಿಯ ರಕ್ಷಾಪುಟದಲ್ಲಿ ಎಡಗೈಯಿಂದ ಶಾಲು ಸರಿಪಡಿಸಿಕೊಳ್ಳುತ್ತ ಬಲಗೈಯಿಂದ ದೀಪ ಹಚ್ಚುತ್ತಿರುವ, ಹೆಸರು ಗೊತ್ತಿಲ್ಲದ ಆ ಹಿರಿಯರಿಗೂ, ಸರಸಂಬಾದ ಹಿಟ್ಟಿನ ಗಿರಣಿಯಿಂದ ಶರಣು ಶರಣಾರ್ಥಿ. ಪಕ್ಕದಲ್ಲಿ ಕೂತಿರುವ ಕಲಾಯಿ ಗುಡುಸಾಬರು ತಮ್ಮ ಸಲಾಮನ್ನೂ ಸೇರಿಸಲು ಹೇಳಿದ್ದಾರೆ. ನಮ್ಮೂರ ಸೂಲಗಿತ್ತಿ ಸುಂದರಬಾಯಿಯವರು ಮಾತ್ರ ತಮ್ಮ ಕಡೆಯಿಂದ ನಮಸ್ಕಾರ ಗಿಮಸ್ಕಾರ ಏನೂ ಬೇಡವೆಂದಿದ್ದಾರೆ. ಅವರ ಸಿಟ್ಟಿಗೆ ಕಾರಣ ಮುಂದೆ ತಮಗೇ ತಿಳಿಯುತ್ತದೆ.

ತಾವು ೧೯೮೭ನೆಯ ಇಸವಿಯನ್ನು ‘ಮುಕ್ತ ಜ್ಞಾನ ವರ್ಷ’ವೆಂದು ಸಾರಿ, ಜ್ಞಾನವು ಯಾರ ಮನೆಯ ಆಸ್ತಿಯೂ ಅಲ್ಲ, ಅದು ಎಲ್ಲರಿಗೂ ಬಿಟ್ಟಿಯಾಗಿ, ಬಾಗಿಲು ತೆರೆದಿಟ್ಟು ದೊರೆಯಬೇಕೆಂದು ದೆಹಲಿಯಿಂದ ಅಪ್ಪಣೆ ಕೊಡಿಸಿದ್ದು ನಮ್ಮ ಭಾಗದ ಪುಣ್ಯ. ಆಳಂದದಲ್ಲಿ ಬಸ್ ಸ್ಟ್ಯಾಂಡಿನಿಂದ ತಹಸೀಲ ಕಚೇರಿಯವರೆಗೆ ಬ್ಯಾಂಡು ಬಾರಿಸಿಕೊಂಡು ಜ್ಞಾನದ ಮೆರವಣಿಗೆ ಹೋಯಿತು, ಅಫಜಲಪುರದಲ್ಲಿ ಅಕ್ಷರ ಬಲ್ಲವರಿಗಾಗಿ ‘ನಿರಕ್ಷರತೆಯ ನೋವು’ ಎಂಬ ಪ್ರಬಂಧ ಸ್ಪರ್ಧೆ ನಡೆಯಿತು, ಜೇವರ್ಗಿಯಲ್ಲಿ ಎರಡು ದಿನದ ವಿಚಾರ ಸಂಕಿರಣದಲ್ಲಿ ಜ್ಞಾನವನ್ನು ಬಾಗಿಲು ಮುಚ್ಚಿಕೊಂಡು ಚರ್ಚಿಸಲಾಯಿತು. ಇವೆಲ್ಲ ಮುಗಿದ ಮೇಲೂ ಜೀಪಿನಲ್ಲಿ ಸ್ವಲ್ಪ ಜಾಗ ಉಳಿದಿತ್ತೆಂದು ಕಾಣುತ್ತದೆ. ಯುಗಾದಿ ಕಳೆದು ಎಂಟನೆಯ ದಿನ ತಮ್ಮ ಸಂಘಟಕರು ಒಂದು ತಗಡಿನ ಪೆಟ್ಟಿಗೆಯಲ್ಲಿ ನಲವತ್ತೆರಡು ಪುಸ್ತಕ ತಂದು, ಊರಲ್ಲಿ ಮಳೆಗೆ ಸೋರದ ಮಾಳಿಗೆ ಇದೊಂದೇ ಎಂದು ವಿಚಾರಿಸಿ ತಿಳಿದುಕೊಂಡು, ನನ್ನ ಗಿರಣಿಯ ಪಡಸಾಲೆಯಲ್ಲಿ ಇಳಿಸಿ ಹೋದರು.

ಮಾನ್ಯರೇ, ಹಿಟ್ಟಿನ ಗಿರಣಿ ತಾವು ನೋಡಿರಲಿಕ್ಕಿಲ್ಲ. ಅದು ನಡೆಯುತ್ತಿರುವಾಗ ಪಕ್ಕದವರ ಮಾತು ಕೇಳುವುದಿಲ್ಲ. ಆದರೆ ನಮ್ಮಲ್ಲಿ ಅದು ನಡೆಯುವುದೇ ಕಡಿಮೆ, ಏಕೆಂದರೆ ಕರೆಂಟು ಬರುವುದು ಬೀಗರು ಬಂದಂತೆ. ಬೆಳಿಗ್ಗೆ ಹತ್ತಕ್ಕೆ ಜೋಳದ ಬುಟ್ಟಿ ಹೊತ್ತು ಬಂದ ಹೆಂಗಸರು, ಬಿಟ್ಟು ಹೋದರೆ ಪಾಳಿ ತಪ್ಪೀತೆಂದು ಮಧ್ಯಾಹ್ನದವರೆಗೂ ಪಡಸಾಲೆಯಲ್ಲಿ ಕೂತಿರುತ್ತಾರೆ. ಮೊದಲು ಅವರು ಆ ವೇಳೆಯಲ್ಲಿ ಒಬ್ಬರ ಸೊಸೆಯನ್ನು ಇನ್ನೊಬ್ಬರು ಬಯ್ಯುತ್ತಿದ್ದರು. ಪೆಟ್ಟಿಗೆ ಬಂದ ಮೇಲೆ ನಾನು ಹಿಟ್ಟಿನ ಕೈಯಲ್ಲೇ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗಿದೆ, ಪಾತ್ರೆಗೆ ಕಲಾಯಿ ಹಾಕುವ ಗುಡುಸಾಬರು ತಮ್ಮ ಓಣಿಯ ಹೆಂಗಸರಿಗಾಗಿ ಅದನ್ನು ವಾಕ್ಯ ವಾಕ್ಯವಾಗಿ ದಖನಿ ಉರ್ದುವಿನಲ್ಲಿ ಹೇಳತೊಡಗಿದರು, ತಪ್ಪಿದರೆ ಎರಡೂ ಕಡೆಯವರು ಕೂಡಿ ನಮ್ಮಿಬ್ಬರನ್ನೂ ಬಯ್ಯತೊಡಗಿದರು. ಇಡೀ ಹಿಂದೂಸ್ತಾನದಲ್ಲಿ ಕರೆಂಟು ಬಂದರೆ ‘ಹಾಳಾಗಿ ಹೋಗಲಿ, ಈಗೇ ಬರಬೇಕಿತ್ತೇನು ಇದು’ ಎಂದು ಶಪಿಸುವ ಊರು ನಮ್ಮದೊಂದೇ ಇರಬಹುದು.

ಇಂಥ ಗದ್ದಲದ ಸುದ್ದಿ ತಮ್ಮವರೆಗೆ ಮುಟ್ಟಿತೇನೋ, ಮಳೆಗಾಲದ ನಡುವೆ ತಾವು ದೊಡ್ಡ ಮನಸ್ಸು ಮಾಡಿ ‘ಮೌನ ಕಾಪಾಡಿರಿ’ ಎಂಬ ಫಲಕ ಕಳಿಸಿಕೊಟ್ಟಿರಿ. ಅದನ್ನು ಗೌರವದಿಂದ ಗೋಡೆಗೆ ಹೊಡೆದಿದ್ದೇವೆ. ಅದರಲ್ಲಿ ಏನು ಬರೆದಿದೆಯೆಂದು ಎಲ್ಲರೂ ಕೇಳಿದ್ದರಿಂದ ಅದನ್ನೂ ನಾನು ಗಟ್ಟಿಯಾಗಿಯೇ ಓದಿ ಹೇಳಬೇಕಾಯಿತು.

ಇನ್ನು ನನ್ನಿಂದ ಆದ ಮಹಾಪರಾಧ. ಪೆಟ್ಟಿಗೆಯ ಜೊತೆಗೆ ತಾವು ಕೊಟ್ಟ ರಿಜಿಸ್ಟರಿನಲ್ಲಿ ‘ಓದಿದವರ ಸಹಿ’ ಎಂಬ ಒಂದು ಕಾಲಮ್ಮಿತ್ತು. ರೇಷನ್ನಿನ ಅಂಗಡಿಯಲ್ಲಿ ಮನೆಗೊಬ್ಬರು ಸಹಿ ಹಾಕಿ ಹತ್ತು ಬಾಯಿಗೆ ಧಾನ್ಯ ತಂದು ರೂಢಿಯಾದ ಊರು ನಮ್ಮದು. ಓದಿದವನು ನಾನೊಬ್ಬನೇ, ಉಳಿದ ಐವತ್ತು ಅರವತ್ತು ಮಂದಿ ಬರೀ ಕೇಳಿದವರು. ಸುಳ್ಳು ಬರೆಯಬಾರದೆಂದು ನೂರ ಎಂಬತ್ತೊಂದು ದಿನವೂ ನನ್ನದೊಂದೇ ಸಹಿ ಹಾಕಿದೆ. ಸಂಘಟಕರು ದೀಪಾವಳಿಯ ಮುಂದೆ ತಪಾಸಣೆಗೆ ಬಂದು ರಿಜಿಸ್ಟರು ತಿರುವಿ ತಲೆಯ ಮೇಲೆ ಕೈ ಹೊತ್ತು ಕೂತರು. ಅವರು ಕೆಟ್ಟವರಲ್ಲ, ತಮ್ಮ ಸುತ್ತೋಲೆಗಳಿಗೆ ಹೆದರಿದ ಮನುಷ್ಯ. “ಮಂದಿ ಎಲ್ಲೈತ್ರಿ ಶಾಂತಲಿಂಗಪ್ಪನವರ?” ಎಂದು ಅವರು ಕೇಳಿದಾಗ ಆ ಮಂದಿಯೆಲ್ಲ ಅವರ ಸುತ್ತಲೇ ಬುಟ್ಟಿ ಹಿಡಿದು ಕೂತಿತ್ತು.

ತಪ್ಪು ತಿದ್ದಿಕೊಳ್ಳೋಣವೆಂದು ಅಂದೇ ಅವರ ಚೀಲದಲ್ಲಿದ್ದ ಶಾಯಿ ಪ್ಯಾಡು ಇಸಿದುಕೊಂಡು ಊರಿಗೆ ಊರೇ ಸರದಿಯಲ್ಲಿ ನಿಂತು ಹೆಬ್ಬೆಟ್ಟು ಒತ್ತಿತು. ಆದರೆ ತಮ್ಮ ನಿಯಮಾವಳಿಯ ಹದಿನಾಲ್ಕನೆಯ ಕಲಮಿನ ಪ್ರಕಾರ ಹೆಬ್ಬೆಟ್ಟು ಒತ್ತಿದವರನ್ನು ಓದುಗರೆಂದು ಪರಿಗಣಿಸಲು ಬರುವುದಿಲ್ಲವಂತೆ. ಸ್ವಂತ ಅಕ್ಷರದ ಸಹಿಯೇ ಬೇಕಂತೆ. ಆಗಲೇ ಅಕ್ಷರ ಬಂದವರಿಗೆ ಮಾತ್ರ ಜ್ಞಾನವನ್ನು ಬಿಟ್ಟಿ ಹಂಚಬೇಕೆಂಬ ಈ ಮುಂದಾಲೋಚನೆ ನಮ್ಮಂಥ ಹಳ್ಳಿಗರಿಗೆ ಹೊಳೆಯುವಂಥದ್ದಲ್ಲ. ಅರವತ್ತೊಂದು ಹೆಬ್ಬೆಟ್ಟುಗಳ ಮೇಲೆ ಕೆಂಪು ಗೀಟು ಎಳೆದು, ಪುಸ್ತಕಗಳಿಗೆ ಹಿಟ್ಟು ಮೆತ್ತಿದೆಯೆಂದು ಷರಾ ಬರೆದು ಅವರು ಹೊರಟುಹೋದರು.

ಈಗ ಸುಂದರಬಾಯಿಯವರ ಮಾತು. ಪೆಟ್ಟಿಗೆಯಲ್ಲಿ ಹೆರಿಗೆಯ ಪುಸ್ತಕವೊಂದಿದೆ. ಮೂವತ್ತು ವರ್ಷ ಊರಿನ ಬಾಣಂತನ ಮಾಡಿದ ಈ ಹೆಣ್ಣುಮಗಳು ಮೊದಮೊದಲು ಅದನ್ನು ಕೇಳಿ ಮೂಗು ಮುರಿದರು. “ಇದನ್ನ ಬರದಾವ ಎಷ್ಟು ಹಡದಾನ, ಕೇಳ್ರಿ ಮೊದಲ” ಎಂದರು. ಹೊಕ್ಕುಳಬಳ್ಳಿ ಕೊಯ್ಯುವ ಬ್ಲೇಡು ಕುದಿಸಬೇಕೆಂಬ ಒಂದು ಸಾಲಿಗಾಗಿ ನನ್ನೊಡನೆ ಮೂರು ದಿನ ಜಗಳವಾಡಿ, ನಾಲ್ಕನೆಯ ದಿನ ಸುಮ್ಮನೆ ಮನೆಯಿಂದ ಬ್ಲೇಡು ತಂದು ಹೇಗೆ ಕುದಿಸಬೇಕೆಂದು ಕೇಳಿದರು. ಹೀಗೆ ಸಾಲಿಗೊಂದು ಜಗಳವಾಗುತ್ತ ಎಂಟು ಅಧ್ಯಾಯ ಮುಗಿಯುವಷ್ಟರಲ್ಲಿ ಸಂಕ್ರಾಂತಿ ಬಂತು.

ಒಂಬತ್ತನೆಯ ಅಧ್ಯಾಯದ ಹೆಸರು ‘ಯಾವಾಗ ಕಾಯಬಾರದು’. ಅದನ್ನು ಓದಿದ ದಿನ ಜಗಳವಾಗಲಿಲ್ಲ. ಕೂಸಿನ ತಲೆಯ ಬದಲು ಕೈ ಮುಂದೆ ಬಂದರೆ ಎಳೆಯಬಾರದು, ಒಳಗೆ ತಳ್ಳಬಾರದು, ಒಂದು ಗಳಿಗೆಯೂ ಕಾಯದೆ ದೊಡ್ಡ ದವಾಖಾನೆಗೆ ಒಯ್ಯಬೇಕು ಎಂಬ ಸಾಲಿಗೆ ಬಂದಾಗ ಗುಡುಸಾಬರ ಬಾಯಿಂದ ದಖನಿ ಹೊರಡಲಿಲ್ಲ. ಎರಡು ವರ್ಷದ ಹಿಂದೆ ಅವರ ಹಿರಿಯ ಸೊಸೆ ಫಕ್ರುನ್ನಿಸಾಳಿಗೆ ಹಾಗೇ ಆಗಿತ್ತು. ತಾನಾಗಿ ಸರಿಹೋದೀತೆಂದು ಸುಂದರಬಾಯಿ ಕಾದರು, ಬಸ್ಸು ಬಂದೀತೆಂದು ಗುಡುಸಾಬರು ಕಾದರು. ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಅಂದು ಗಿರಣಿಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅತ್ತರು. ಮಾನ್ಯರೇ, ತಮ್ಮ ಫಲಕ ಬೇಡಿದ ಮೌನವನ್ನು ಸರಸಂಬಾ ಆ ಒಂದು ದಿನ ಕಾಪಾಡಿತು.

ಗುಡುಸಾಬರ ಕಿರಿಯ ಸೊಸೆ ಮೆಹರಾಜಬೇಗಂಗೆ ಈಗ ದಿನ ತುಂಬುತ್ತಿವೆ. ಇಂಥ ಹೊತ್ತಿನಲ್ಲಿ ತಮ್ಮ ಬಣ್ಣಬಣ್ಣದ ವಾರ್ಷಿಕ ವರದಿ ಟಪಾಲಿನಲ್ಲಿ ಬಂತು. ಆಳಂದದಿಂದ ಬಂದಿದ್ದ, ಹಿಂದಿ ಬಲ್ಲ ದೌಲತರಾಯ ಮಾಸ್ತರರು ಓದಿ ಹೇಳಿದ ಪ್ರಕಾರ, ಎಪ್ಪತ್ತನಾಲ್ಕನೆಯ ಪುಟದ ಕೋಷ್ಟಕದಲ್ಲಿ ನಮ್ಮೂರ ಹೆಸರಿದೆ, ಅದರ ಎದುರಿಗೆ ‘ಫಲಾನುಭವಿಗಳು: ೧’ ಎಂದಿದೆ. ಆ ಒಬ್ಬನು ನಾನು. ಅಷ್ಟೊಂದು ಜ್ಞಾನ ನನ್ನೊಬ್ಬನಿಗೇ ಸಂದಿತೆಂದು ನನ್ನ ಮನೆಯವರಿಗೂ ನಂಬಿಕೆ ಬರಲೊಲ್ಲದು. ವರದಿಯ ಒಳಗಿದ್ದ ಆದೇಶದಲ್ಲಿ, ಒಬ್ಬ ಓದುಗನಿಗಾಗಿ ಪೆಟ್ಟಿಗೆಯಿಡುವುದು ತರವಲ್ಲವಾದ್ದರಿಂದ ಅದನ್ನು ಮಾರ್ಚ್ ೩೧ರ ಒಳಗೆ ಜೇವರ್ಗಿಯ ಪ್ರದರ್ಶನ ಮಂದಿರಕ್ಕೆ ಒಯ್ದು, ಹಿಟ್ಟು ಒರೆಸಿ, ಗಾಜಿನ ಕಪಾಟಿನಲ್ಲಿ ಎಲ್ಲರಿಗೂ ಕಾಣುವಂತೆ ಬೀಗ ಹಾಕಿಡಲಾಗುವುದೆಂದು ತಿಳಿಸಿದ್ದೀರಿ. ಸುಂದರಬಾಯಿಯವರ ಸಿಟ್ಟು ಇದೇ.

ಒಂಬತ್ತನೆಯ ಅಧ್ಯಾಯವನ್ನಾದರೂ ನೋಟುಬುಕ್ಕಿಗೆ ಇಳಿಸಿಕೊಳ್ಳೋಣವೆಂದು ಕೂತೆ. ಆಗ ಪುಸ್ತಕದ ಮೊದಲ ಪುಟ ಕಣ್ಣಿಗೆ ಬಿತ್ತು. ಒಂದೇ ಪುಟದಲ್ಲಿ ಮೇಲೆ ‘ಜ್ಞಾನ ಎಲ್ಲರದು’ ಎಂಬ ತಮ್ಮ ಮುದ್ರೆಯಿದೆ, ಕೆಳಗೆ ‘ಪರಿಷತ್ತಿನ ಲಿಖಿತ ಅನುಮತಿಯಿಲ್ಲದೆ ಈ ಪುಸ್ತಕದ ಯಾವ ಭಾಗವನ್ನೂ ಯಾವ ರೂಪದಲ್ಲೂ ನಕಲು ಮಾಡತಕ್ಕದ್ದಲ್ಲ’ ಎಂದಿದೆ. ನಾನು ಕಾಯಿದೆಗೆ ಅಂಜುವವನು, ಪೆನ್ನು ಕೆಳಗಿಟ್ಟೆ. ಮೇಲಾಗಿ ನೋಟುಬುಕ್ಕಿದ್ದರೂ ಓದುವವನು ನಾನೊಬ್ಬನೇ. ಗಿರಣಿಯ ಪಟ್ಟಾ ಹರಿದು, ಹೊಸದು ತರಲು ನಾನು ಆಳಂದಕ್ಕೆ ಹೋದ ದಿನ ಅದು ಯಾರಿಗೆ ಏನು ಹೇಳೀತು?

ಆದ್ದರಿಂದ ಊರವರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಸೋಮವಾರ ಬಂದರೆ ಪುಸ್ತಕ ಮುಟ್ಟದೆ ನೂರು ವಚನ ಹಾಡುವ ಮಂದಿ ಇಲ್ಲಿದ್ದಾರೆ, ಮೊಹರಮ್ಮಿನಲ್ಲಿ ಹೆಜ್ಜೆ ಹಾಕುತ್ತ ತಾಸುಗಟ್ಟಲೆ ಪದ ಹೇಳುವ ಮಂದಿ ಇದ್ದಾರೆ. ಅಧ್ಯಾಯಕ್ಕೆ ಹನ್ನೊಂದು ಪುಟ. ಹನ್ನೊಂದು ಮಂದಿ ತಲೆಗೊಂದು ಪುಟ ಹಂಚಿಕೊಂಡರು. ಒಂದನೆಯ ಪುಟ ಗುಡುಸಾಬರದು, ಕೈ ಮುಂದೆ ಬರುವ ಆರನೆಯ ಪುಟ ತೊಗರಿ ವ್ಯಾಪಾರದ ಚಂದ್ರಾಮಪ್ಪನವರದು, ರಕ್ತಸ್ರಾವದ ಎಂಟನೆಯ ಪುಟ ಗುಡುಸಾಬರ ಓಣಿಯ ಬದರುನ್ನಿಸಾ ಅವರದು. ಕರೆಂಟು ಹೋದ ಕೂಡಲೇ ಪಡಸಾಲೆಯಲ್ಲಿ ಪುಟಗಳು ಸಾಲಾಗಿ ಕೂತು ತಮ್ಮನ್ನು ತಾವೇ ಹೇಳಿಕೊಳ್ಳುತ್ತಿವೆ. ಚಂದ್ರಾಮಪ್ಪನವರು ನಡುವೆ ತೊಗರಿಯ ಧಾರಣೆ ಸೇರಿಸಿದಾಗಲೆಲ್ಲ ಸುಂದರಬಾಯಿ ಅವರ ಪುಟವನ್ನು ಮೊದಲಿನಿಂದ ಹೇಳಿಸುತ್ತಾರೆ.

ಇದರಿಂದ ನಾವು ಪರಿಷತ್ತಿನ ಹಕ್ಕಿಗೆ ಚ್ಯುತಿ ತಂದೆವೇ ಎಂಬ ಚಿಂತೆ ನನ್ನನ್ನು ಕಾಡುತ್ತಿದೆ. ಆದಕಾರಣ ತಾವು ದಯಮಾಡಿ, ತಲೆಯಲ್ಲಿಟ್ಟುಕೊಳ್ಳುವುದು ನಕಲಿನ ಯಾವ ರೂಪಕ್ಕೆ ಸೇರುತ್ತದೆಂದು ತಿಳಿಸಬೇಕು. ಸೇರುವುದಾದರೆ ಹನ್ನೊಂದು ಮಂದಿಗೆ ನೆನಪಿಟ್ಟುಕೊಳ್ಳಲು, ಸುಂದರಬಾಯಿಯವರಿಗೆ ಬೇಕಾದಾಗ ನೆನಪು ಮಾಡಿಕೊಳ್ಳಲು, ಪ್ರತ್ಯೇಕ ಲಿಖಿತ ಅನುಮತಿ ದಯಪಾಲಿಸಬೇಕು. ಅದು ಸಾಧ್ಯವಿಲ್ಲವಾದರೆ ಪೆಟ್ಟಿಗೆ ಒಯ್ಯಲು ಬರುವ ಜೀಪಿನಲ್ಲೇ ತಲೆಯಿಂದ ಓದನ್ನು ಹೊರತೆಗೆಯಬಲ್ಲ ಒಬ್ಬ ಅಧಿಕಾರಿಯನ್ನೂ ಕಳಿಸಿ, ತೆಗೆದುಕೊಂಡದ್ದಕ್ಕೆ ಪುಟದ ಲೆಕ್ಕದಲ್ಲಿ ರಸೀದಿ ಕೊಡಿಸಬೇಕು. ಜೊತೆಗೆ, ನಮ್ಮ ಬಸುರಿಯರು ಮಾರ್ಚ್ ೩೧ರ ಒಳಗೇ ಹೆರತಕ್ಕದ್ದೆಂದು ಒಂದು ಸುತ್ತೋಲೆ ಹೊರಡಿಸಿದರೆ ಎಲ್ಲರಿಗೂ ಅನುಕೂಲ.

ಇದು ಬಹಿರಂಗ ಪತ್ರವಾದ್ದರಿಂದ ಒಂದು ಪ್ರತಿಯನ್ನು ತಮ್ಮ ಮೌನದ ಫಲಕದ ಕೆಳಗೆ ಅಂಟಿಸಿದ್ದೇನೆ. ಊರವರೆಲ್ಲ ಕೇಳಿ ತಿದ್ದಿದ ಮೇಲೆ ಇದು ತಮ್ಮ ಕಡೆಗೆ ಹೊರಡುತ್ತದೆ.

ಹೆಬ್ಬೆಟ್ಟುಗಳ ನಡುವೆ ಸಹಿ ಬಲ್ಲ ತಪ್ಪಿಗಾಗಿ ಫಲಾನುಭವಿಯಾದ,
ತಮ್ಮ ವಿಶ್ವಾಸಿ
ಶಾಂತಲಿಂಗಪ್ಪ, ಗಿರಣಿ, ಸರಸಂಬಾ

ವಿ.ಸೂ. (ಏಪ್ರಿಲ್ ೨): ಪತ್ರ ಇನ್ನೂ ಗೋಡೆಯ ಮೇಲಿರುವಾಗಲೇ, ಮೊನ್ನೆ ೨೯ನೆಯ ತಾರೀಖು ಬೆಳಿಗ್ಗೆ ತಮ್ಮ ಜೀಪು ಬಂತು. ಪೆಟ್ಟಿಗೆಯನ್ನು ಜೀಪಿಗೆ ಏರಿಸಿ ಸಂಘಟಕರು ನನ್ನ ಸಹಿಗಾಗಿ ಕಾಗದ ಚಾಚಿದ್ದರು, ಅಷ್ಟರಲ್ಲಿ ಗುಡುಸಾಬರು ಓಡಿ ಬಂದರು. ಮೆಹರಾಜಬೇಗಂಗೆ ಬೇನೆ ಎದ್ದು, ಕೂಸಿನ ಕೈ ಮುಂದೆ ಬಂದಿತ್ತು. ಆರನೆಯ ಪುಟ ಅಂದು ಅಫಜಲಪುರದ ಪೇಟೆಗೆ ಹೋಗಿತ್ತು. ಆದರೆ ಬುಟ್ಟಿ ಹಿಡಿದು ಕೂತ ಹೆಂಗಸರಷ್ಟೂ ಒಂದೇ ದನಿಯಲ್ಲಿ “ಕೈ ಕಂಡರ ಎಳೀಬ್ಯಾಡ್ರಿ, ಕಾಯಬ್ಯಾಡ್ರಿ” ಎಂದರು, ಅತ್ತ ಓಣಿಯಿಂದ “ಹಾತ್ ದಿಖ್ಯಾ ತೋ ಖೀಂಚೋ ನಕ್ಕೋ, ಠೈರೋ ನಕ್ಕೋ” ಎಂದು ಹೇಳುತ್ತಲೇ ಸುಂದರಬಾಯಿ ಬಸುರಿಯನ್ನು ಹಿಡಿದುಕೊಂಡು ಬಂದರು. ಪೆಟ್ಟಿಗೆ ಕೆಳಗಿಳಿಯಿತು, ಮೆಹರಾಜಬೇಗಂ ಜೀಪು ಹತ್ತಿದಳು. ತಮ್ಮ ಸಂಘಟಕರು ಯಾವ ಸುತ್ತೋಲೆಯನ್ನೂ ನೆನೆಯದೆ ಗುಲ್ಬರ್ಗಾದ ದೊಡ್ಡ ದವಾಖಾನೆಯವರೆಗೆ ಜೀಪು ಓಡಿಸಿಕೊಂಡು ಹೋದರು. ಅಲ್ಲಿ ಡಾಕ್ಟರರು ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು, ತಾಯಿ ಮಗಳಿಬ್ಬರೂ ಚೆನ್ನಾಗಿದ್ದಾರೆ.

ರಿಜಿಸ್ಟರಿನ ಕೊನೆಯ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದೆ. ಅದರಲ್ಲಿ ‘ಓದುಗರು: ೨’ ಎಂಬುದರ ಎದುರಿಗೆ ಕಡಲೆಯಷ್ಟು ದೊಡ್ಡದೊಂದು ಹೆಬ್ಬೆಟ್ಟಿದೆ. ದವಾಖಾನೆಯಲ್ಲೇ ಶಾಯಿ ಪ್ಯಾಡು ತೆಗೆದು ಅದನ್ನು ಒತ್ತಿಸಿದವರು ತಮ್ಮ ಸಂಘಟಕರೇ. ಹದಿನಾಲ್ಕನೆಯ ಕಲಮನ್ನು ನಾವು ಮರೆತಿಲ್ಲ. ಸ್ವಂತ ಅಕ್ಷರದ ಸಹಿಯೇ ಆಗಬೇಕೆಂದು ತಾವು ಹಟ ಹಿಡಿಯುವುದಾದರೆ ಪೆಟ್ಟಿಗೆಯನ್ನು ಇನ್ನೊಂದು ಆರೇಳು ವರ್ಷ ಇಲ್ಲೇ ಬಿಡಿರಿ, ಹುಡುಗಿ ಕಲಿತು ಸಹಿ ಹಾಕಿಕೊಡುತ್ತಾಳೆ.