ಮಗಳ ತಲೆಗೆ ಪೂರ್ತಿ ಅಂಕ

ನನಗೊಂದು ಕಾಯಿಲೆಯಿದೆ. ಮಿರಜದಲ್ಲಿದ್ದುಕೊಂಡು ಈ ಮಾತನ್ನು ಬಾಯಿಬಿಟ್ಟು ಹೇಳುವುದು ಅಪಾಯ. ಈ ಊರಿನಲ್ಲಿ ಮನೆಗೊಬ್ಬರು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾರೆ, ಇಲ್ಲವೇ ಔಷಧಿ ಅಂಗಡಿ ಇಟ್ಟಿರುತ್ತಾರೆ. ಎರಡೂ ಇಲ್ಲದವರು ಪುಕ್ಕಟೆ ಸಲಹೆ ಇಟ್ಟುಕೊಂಡು ಕಾಯುತ್ತಿರುತ್ತಾರೆ. ಆದರೆ ನನ್ನ ಕಾಯಿಲೆಗೆ ಇಷ್ಟು ದೊಡ್ಡ ಊರಿನಲ್ಲೂ ಔಷಧಿ ಸಿಕ್ಕಿಲ್ಲ. ‘ಪರೀಕ್ಷೆ’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ತಯಾರಿ ಮಾಡದೆ ಇರಲಾರೆ. ಗಣಿತದ ಟ್ಯೂಶನ್ ಕ್ಲಾಸು ನಡೆಸಿ ನಡೆಸಿ ಹತ್ತಿದ ಚಟ ಇದು. ಕಳೆದ ಸಲ ಡಾಕ್ಟರು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿದಾಗ ಅದಕ್ಕೂ ಓದಿಕೊಂಡೇ ಹೋದೆ. ಬೆಲ್ಲದ ಚಹಾ ಬಿಟ್ಟೆ, ಬೆಳಿಗ್ಗೆ ಎದ್ದು ಕೆರೆಯ ಸುತ್ತ ತಿರುಗಿದೆ. ರಿಪೋರ್ಟು ಎಷ್ಟು ಚೆನ್ನಾಗಿ ಬಂತೆಂದರೆ ಡಾಕ್ಟರು ಖುಷಿಯಾಗಿ ಗುಳಿಗೆ ಕಡಿಮೆ ಮಾಡಿದರು. ಆ ಸಂತೋಷಕ್ಕೆ ನಾನು ಬಾಸುಂದಿ ತಿಂದೆ. ಮುಂದಿನದನ್ನು ಇಲ್ಲಿ ಬರೆಯುವುದು ಬೇಡ, ಹೆಂಡತಿ ಇದನ್ನು ಓದುತ್ತಾಳೆ.

ನನ್ನ ಮಗಳು ಸಮೃದ್ಧಿ ಒಂಬತ್ತನೇ ಇಯತ್ತೆಯಲ್ಲಿದ್ದಾಳೆ. ಕಬಡ್ಡಿ ಆಡುತ್ತಾಳೆ. ಎದುರು ತಂಡದೊಳಗೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವಳನ್ನು ಹಿಡಿಯುವವರಿಲ್ಲ, ಗಣಿತದಲ್ಲಿ ಮಾತ್ರ ಅವಳನ್ನು ಯಾರು ಬೇಕಾದರೂ ಹಿಡಿಯಬಹುದು. ಈ ವರ್ಷ ಅವಳ ಕ್ಲಬ್ಬಿಗೆ ಹೊಸದಾಗಿ ಒಬ್ಬ ಫಿಜಿಯೋ ಮೇಡಂ ಬಂದರು. ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿ ನಿಧಾನವಾಗಿ ತಿಳಿಸಿ ಹೇಳಿದರು: ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಒಳಗೆ ಮೆದುಳು ಅಲುಗುತ್ತದೆ, ಹೊರಗೆ ಗಾಯ ಕಾಣುವುದಿಲ್ಲ. ಆದ್ದರಿಂದ ತಲೆ ನೆಟ್ಟಗಿರುವಾಗಲೇ ಮಗು ಎಷ್ಟು ನೆನಪಿಡುತ್ತದೆ, ಒಂಟಿ ಕಾಲಿನ ಮೇಲೆ ಹೇಗೆ ನಿಲ್ಲುತ್ತದೆ ಎಂದು ನೋಡಿ ಬರೆದಿಡುತ್ತೇವೆ. ಮುಂದೆ ಪೆಟ್ಟಾದರೆ ಮತ್ತೆ ಕೇಳಿ ಹೋಲಿಸುತ್ತೇವೆ. ಇದಕ್ಕೆ ಬೇಸ್‌ಲೈನ್ ಟೆಸ್ಟ್ ಎನ್ನುತ್ತಾರೆ. ಪಾಸು ನಾಪಾಸು ಇಲ್ಲ, ಯಾವ ತಯಾರಿಯೂ ಬೇಡ. ಇಷ್ಟೆಲ್ಲದರಲ್ಲಿ ನನ್ನ ತಲೆಯೊಳಗೆ ಇಳಿದದ್ದು ‘ಟೆಸ್ಟ್’ ಒಂದೇ. ತಯಾರಿ ಬೇಡ ಎಂದು ಎಲ್ಲ ಶಾಲೆಯವರೂ ಹೇಳುತ್ತಾರೆ, ಅದನ್ನು ನಂಬಿ ಸುಮ್ಮನಿದ್ದವರು ಕೊನೆಯ ಬೆಂಚಿನಲ್ಲಿ ಕೂತಿರುತ್ತಾರೆ.

ಉರಿಯುವ ಒಲೆಗೆ ಸೀಮೆಎಣ್ಣೆ ಹೊಯ್ದವನು ನನ್ನ ಹೆಂಡತಿಯ ಅಣ್ಣ, ಸಾಂಗ್ಲಿಯವನು. ಸಾಂಗ್ಲಿಗೂ ಮಿರಜಕ್ಕೂ ನಡುವೆ ರಿಕ್ಷಾದಲ್ಲಿ ಕೂತು ಒಂದು ಕಡಲೇಕಾಯಿ ಪೊಟ್ಟಣ ಮುಗಿಸುವಷ್ಟು ದೂರ, ಆದರೆ ಸಾಂಗ್ಲಿಯವರು ನಮ್ಮನ್ನು ನೋಡುವುದು ಮಾಳಿಗೆ ಮೇಲಿಂದ. ಅವನ ಮಗಳೂ ಕಬಡ್ಡಿ ಆಡುತ್ತಾಳೆ, ಅಲ್ಲಿಗೂ ಇದೇ ಮೇಡಂ ಹೋಗುತ್ತಾರೆ. ಫೋನು ಮಾಡಿ, “ಏನ್ರಿ ಮಾಸ್ತರ, ನಮ್ಮ ಶ್ರಾವಣಿ ಐದಕ್ಕ ನಾಕ ಶಬ್ದ ಹೇಳ್ಯಾಳ ನೋಡ್ರಿ! ಮೇಡಂ ಶಾಬಾಸ್ ಅಂದ್ರು,” ಎಂದ. ಯಾವ ಐದು ಎಂದು ನಾನು ಸಹಜವೆಂಬಂತೆ ಕೇಳಿದೆ. ಹೆಮ್ಮೆಯ ಭರದಲ್ಲಿ ಅವನು ಪೂರಾ ಪ್ರಶ್ನೆಪತ್ರಿಕೆಯನ್ನೇ ಒಪ್ಪಿಸಿಬಿಟ್ಟ: ಕುದುರೆ, ಬಾಗಿಲು, ಸಕ್ಕರೆ, ಚಂದ್ರ, ಕತ್ತರಿ. ಆಮೇಲೆ ಅಂಕಿಗಳನ್ನೂ ತಿಂಗಳುಗಳನ್ನೂ ಹಿಂದಿನಿಂದ ಹೇಳಬೇಕಂತೆ.

ಅಂದಿನಿಂದ ನಮ್ಮ ಮನೆ ತಾಲೀಮಿನ ಅಖಾಡವಾಯಿತು. ಬೆಳಿಗ್ಗೆ ಕುದುರೆ ಬಾಗಿಲು, ಸಂಜೆ ಚಂದ್ರ ಕತ್ತರಿ. ಊಟಕ್ಕೆ ಕೂತಾಗ ಅಂಕಿಗಳನ್ನು ಹಿಂದುಮುಂದಾಗಿ ಹೇಳದೆ ಭಕ್ಕರಿ ಇಲ್ಲ. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳಿಸುತ್ತಿದ್ದಾಗ ಅವ್ವ ದೇವರ ಮನೆಯಿಂದ, “ಫಾಲ್ಗುಣದಿಂದ ಹೇಳಿಸೋ. ಮತ್ತ ಅಧಿಕ ಮಾಸ ಹಿಡಿಯೂದೋ ಬಿಡೂದೋ, ಅದನ್ನ ಆ ಮೇಡಮ್ಮನ್ನ ಕೇಳಿ ಬಾ!” ಎಂದು ಕೂಗಿದಳು. ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿ ನಿಲ್ಲುವುದನ್ನು ನಾನೇ ಮಾಡಿ ತೋರಿಸಲು ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿದ್ದೆ. “ರೀ, ಪರೀಕ್ಷಾ ಆಕೀದು. ಕಾಲು ಮುರಕೊಳ್ಳೂದು ನಿಮ್ಮದ್ಯಾಕ?” ಎಂದು ಹೆಂಡತಿ ಎತ್ತಿ ಕೂರಿಸಿದಳು.

ಟೆಸ್ಟಿನ ದಿನ ನನ್ನ ಮಗಳು ಮೇಡಂ ಬಾಯಿಂದ ‘ಕುದು’ ಹೊರಡುವಷ್ಟರಲ್ಲಿ ‘ಕತ್ತರಿ’ಗೆ ಬಂದು ನಿಂತಿದ್ದಳಂತೆ. ಎಲ್ಲದರಲ್ಲೂ ಪೂರ್ತಿ ಅಂಕ. ನಾನು ಓಣಿಗೆಲ್ಲ ಪೇಢೆ ಹಂಚಿದೆ. ಮೊಬೈಲಿನ ಸ್ಟೇಟಸ್ಸಿನಲ್ಲಿ, ‘ಮೆದುಳಿನ ಪರೀಕ್ಷೆಯಲ್ಲಿ ನಮ್ಮ ಸಮೃದ್ಧಿ ಪಾಸು’ ಎಂದು ಹಾಕಿದೆ. ಅದನ್ನು ನೋಡಿ ಬೇಡಗ ಹಳ್ಳಿಯಿಂದ ನನ್ನ ಮಾವಶಿ, ಅವ್ವನ ತಂಗಿ, ಎಳನೀರು ಹೊತ್ತುಕೊಂಡು ಬಸ್ಸಿನಲ್ಲಿ ಬಂದಿಳಿದಳು. ಬಾಗಿಲಲ್ಲೇ ಅಳುತ್ತ, “ಕೂಸಿನ ಮೆದುಳಿಗೆ ಏನಾತೋ ನನ್ನಪ್ಪಾ, ಯಾವ ದವಾಖಾನ್ಯಾಗ ಇಟ್ಟೀರಿ?” ಎಂದಳು. ಕೂಸು ಒಳಗೆ ಕೂತು ಉಳಿದ ಪೇಢೆ ತಿನ್ನುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಈಗಲೂ ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂದಿತ್ತು. ಪ್ರಾಕ್ಟೀಸಿನಲ್ಲಿ ಇನ್ನೊಬ್ಬ ಹುಡುಗಿಯ ತಲೆಗೂ ಸಮೃದ್ಧಿಯ ತಲೆಗೂ ಢಿಕ್ಕಿಯಾಯಿತು. ರಕ್ತ ಇಲ್ಲ, ಬಾವು ಇಲ್ಲ. ಆದರೆ ಕೂತಲ್ಲೇ ಕೂತು, “ನಾ ಔಟ್ ಆದ್ನೇನು?” ಎಂದು ಕೇಳಿದ್ದನ್ನೇ ಕೇಳುತ್ತಿದ್ದಳಂತೆ. ಮೇಡಂ ಅವಳನ್ನು ಅಲ್ಲೇ ಆಟದಿಂದ ಹೊರಗೆ ಕೂರಿಸಿ ನಮ್ಮನ್ನು ಕರೆಸಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನನಗೆ ಅಂಕ ಗಿಂಕ ಏನೂ ಬೇಕಿರಲಿಲ್ಲ, ಮಗಳು ನನ್ನನ್ನು ‘ಪಪ್ಪಾ’ ಎಂದು ಗುರುತು ಹಿಡಿದು ಕರೆದರೆ ಸಾಕಿತ್ತು. ಡಾಕ್ಟರು ನೋಡಿ, ಭಯಪಡುವಂಥದ್ದೇನೂ ಇಲ್ಲ, ಆದರೆ ಪೂರ್ತಿ ವಾಸಿಯಾಗುವ ತನಕ ಆಟದ ಹೆಸರೆತ್ತಬೇಡಿ ಎಂದರು.

ಕೆಲವು ದಿನಕ್ಕೆ ತಲೆನೋವು ಹೋಯಿತು, ಊಟ ನಿದ್ದೆ ಜಗಳ ಎಲ್ಲ ಮೊದಲಿನಂತಾಯಿತು. ಆಯ್ಕೆಗೆ ಇನ್ನೂ ಸಮಯವಿತ್ತು. ಮೇಡಂ ಮತ್ತೆ ಟೆಸ್ಟ್ ಮಾಡಿದರು. ಈ ಸಲ ಶಬ್ದಗಳೇ ಬೇರೆ. ಸಮೃದ್ಧಿ ಐದರಲ್ಲಿ ಮೂರು ಹೇಳಿದಳು, ಅಂಕಿ ಹಿಂದುಮುಂದಾಗಿ ಹೇಳುವಾಗ ತಡವರಿಸಿದಳು. ಯಾವ ಮಗುವಾದರೂ ಅಷ್ಟೇ ಹೇಳೀತು. ಆದರೆ ಮೇಡಂ ಹಳೆಯ ಅಂಕ ತೆಗೆದು ನೋಡಿದರು, ಅಲ್ಲಿ ಬೃಹಸ್ಪತಿ ಕೂತಿದ್ದ! “ಇಷ್ಟು ಚುರುಕು ಹುಡುಗಿ ಇಷ್ಟು ಇಳಿದಿದ್ದಾಳೆ ಎಂದರೆ ತಲೆ ಇನ್ನೂ ಸರಿಯಾಗಿಲ್ಲ. ಆಡಲು ಬಿಡುವುದಿಲ್ಲ,” ಎಂದರು. ಮಗಳು ಸ್ಕೂಟರಿನ ಹಿಂದೆ ಕೂತು ಮನೆ ಬರುವ ತನಕ ಅತ್ತಳು. ಮನೆಯೊಳಗೆ ಬಂದು ಚೀಲ ಬಿಸಾಕಿ, “ಪಪ್ಪಾ, ಫುಲ್ ಮಾರ್ಕ್ಸ್ ಕೊಡಿಸಿ ನಾಪಾಸ್ ಮಾಡಿದ ಮಾಸ್ತರ ಜಗತ್ತಿನ್ಯಾಗ ನೀವೊಬ್ಬರ!” ಎಂದಳು.

ನನ್ನ ಕ್ಲಾಸಿನ ಬೋರ್ಡಿಗೆ ಬರೆಸಬಹುದಾದ ಮಾತು. ಮರುದಿನ ಮೇಡಂ ಹತ್ತಿರ ಹೋಗಿ ಬಾಯಿಪಾಠದ ಕಥೆಯನ್ನೆಲ್ಲ ಒಪ್ಪಿಕೊಂಡೆ. ಈಗಿನ ಅಂಕವೇ ಅವಳ ನಿಜವಾದ ಅಂಕ, ದಯವಿಟ್ಟು ಆಡಿಸಿ ಎಂದು ಕೈ ಮುಗಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. “ಸರ್, ಶಿಂಪಿಗನ ಹತ್ತಿರ ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳಕೊಂಡರೆ ಅಂಗಿ ಯಾರಿಗೆ ಬರುತ್ತದೆ?” ಎಂದರು. ನಾನು ಅಲ್ಲಿಯೂ ನನಗರಿವಿಲ್ಲದೆ ಹೊಟ್ಟೆ ಒಳಗೆಳೆದುಕೊಂಡೆ. “ಈಗ ನನ್ನ ಕೈಯಲ್ಲಿ ಅಳತೆಯೇ ಇಲ್ಲ. ನೀವು ಹೇಳಿದಿರಿ ಎಂದು ಹುಡುಗಿಯ ತಲೆಯನ್ನು ಪಣಕ್ಕಿಡಲೇ? ಡಾಕ್ಟರು ಇನ್ನಷ್ಟು ದಿನ ಕಾದು ನೋಡಲಿ,” ಎಂದರು. ಆಯ್ಕೆ ನಡೆದುಹೋಯಿತು, ಸಮೃದ್ಧಿ ಇಲ್ಲದೆ. ಶ್ರಾವಣಿಗೆ ಜಾಗ ಸಿಕ್ಕಿತು. ಆ ದಿನ ಮಗಳು ಸಾಂಗ್ಲಿಗೆ ಹೋಗಿ ಅಂಕಣದ ಹೊರಗೆ ನಿಂತು ಗಂಟಲು ಕಟ್ಟುವ ತನಕ ಶ್ರಾವಣಿಯ ಹೆಸರು ಕೂಗಿದಳು. ನನಗೆ ಅಲ್ಲಿ ನಿಲ್ಲಲಾಗದೆ ಕಬ್ಬಿನ ಹಾಲು ಕುಡಿಯುವ ನೆಪ ಮಾಡಿ ಹೊರಗೆ ಹೋಗಿ ಕಣ್ಣೊರೆಸಿಕೊಂಡೆ.

ಕೊನೆಗೊಮ್ಮೆ ಡಾಕ್ಟರು ಪೂರ್ತಿ ವಾಸಿಯಾಗಿದೆ ಎಂದು ಬರೆದುಕೊಟ್ಟರು. ಆದರೆ ಹೊಸ ಬೇಸ್‌ಲೈನ್ ಆಗದೆ ಆಡುವಂತಿಲ್ಲ ಎಂದರು ಮೇಡಂ. ಈ ಸಲ ಯಾರೂ ಮನೆಯಲ್ಲಿ ಒಂದು ಶಬ್ದ ಕೇಳಲಿಲ್ಲ, ಒಂದು ಅಂಕಿ ಹೇಳಲಿಲ್ಲ. “ನೀ ಆಕೀನ ಮುಂದ ಬಾಯಿ ತಗದೀ ಅಂದ್ರ ನೋಡು,” ಎಂದು ಅವ್ವ ನನಗೆ ಆಣೆ ಹಾಕಿದ್ದಳು. ನಾನು ಕ್ಲಬ್ಬಿನ ಗೇಟಿನ ಹೊರಗೆ ಉಳಿದ ಅಪ್ಪ ಅಮ್ಮಂದಿರ ಜೊತೆ ಸಭ್ಯನಂತೆ ನಿಂತೆ. ಅವರ ಮಕ್ಕಳಿಗೆ ಇದು ಮೊದಲ ಟೆಸ್ಟು. ಒಬ್ಬರು ಮೆಲ್ಲಗೆ ಹತ್ತಿರ ಬಂದು, “ಸರ್, ನಿಮ್ಮ ಹುಡುಗೀದು ಎರಡ ಸಲ ಆಗೈತಂತಲ್ರಿ? ಒಳಗ ಏನೇನ ಕೇಳ್ತಾರ?” ಎಂದರು. ಅವ್ವ ಆಣೆ ಹಾಕಿದ್ದು ಮಗಳ ಮುಂದೆ ಮಾತ್ರ. ನಾನು ಗಂಟಲು ಸರಿಮಾಡಿಕೊಂಡು, “ಮೊದಲ ಐದ ಶಬ್ದ…” ಎಂದು ಶುರು ಮಾಡಿದ್ದೆ ಅಷ್ಟೇ, ಕಿಟಕಿಯಿಂದ ಮೇಡಂ ಧ್ವನಿ ಬಂತು: “ಸರ್! ರಸ್ತೆಯ ಆಚೆ!”

ರಸ್ತೆಯ ಆಚೆ ಚಹಾದಂಗಡಿಯಿತ್ತು. ಅಲ್ಲಿ ಕೂತು ಎಲ್ಲಿ ಇವಳನ್ನು ಮತ್ತೆ ಮನೆಗೆ ಕಳಿಸುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದು ಕಾದೆ. ಸಮೃದ್ಧಿ ಹೊರಗೆ ಬಂದು ನನ್ನನ್ನು ಹುಡುಕಿ, ಲಾರಿ ರಿಕ್ಷಾಗಳ ನಡುವೆ ದಾಟಿ ಓಡಿ ಬಂದಳು. ಮುಖ ಅರಳಿತ್ತು. “ಪಪ್ಪಾ, ನಾಳಿಂದ ಆಡಾಕ ಬಾ ಅಂದ್ರು! ಎರಡ ಶಬ್ದ ಮರತೆ, ಅದ ಖರೇ ಅಳತಿ ಅಂತ!” ಅವಳ ತಲೆ ಸವರಿದೆ, ಚಹಾದವನಿಗೆ ಇನ್ನೊಂದು ಚಹಾ ಹೇಳಿದೆ, ಕಣ್ಣು ಒರೆಸಿಕೊಂಡೆ. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟೆ:

“ಯಾವ ಎರಡು?”