ಬಾಸಿನ ಮುತ್ತಜ್ಜ ಮತ್ತು ನನ್ನ ವೀಸಾ

ನನ್ನ ವೀಸಾ ಮುಗಿಯಲು ಬಂದಾಗಲೆಲ್ಲ ನಮ್ಮ ದುಬೈ ಆಫೀಸಿನಲ್ಲಿ ಏನಾದರೊಂದು ಫಜೀತಿ ನಡೆದೇ ನಡೆಯುತ್ತದೆ. ಪಕ್ಕದವರಿಗೆ ನಗು, ನನಗೆ ಪ್ರಾಣಸಂಕಟ. ಬಾಸ್ ರಷ್ಯಾದವರು. ಅವರ ಮುತ್ತಜ್ಜ ಝಾರ್ ದೊರೆಗಳ ಕಾಲದ ಅರ್ಥಶಾಸ್ತ್ರಜ್ಞ, ದೊಡ್ಡ ಸರಕಾರಿ ಅಧಿಕಾರಿ, ಉದಾರವಾದಿ.

ಮಾಲೆ

ಬಾಸಿನ ಕೋಣೆಯಲ್ಲಿ ಗಡ್ಡದ ಮುತ್ತಜ್ಜನ ಪಟವಿದೆ. ಆಯುಧಪೂಜೆಯ ದಿನ ನಮ್ಮ ಹುಬ್ಬಳ್ಳಿ ಇಂಜಿನಿಯರ್ ಪ್ರಿಂಟರಿಗೆ ಕುಂಕುಮ ಹಚ್ಚಿ, ಉಳಿದ ಮಲ್ಲಿಗೆ ಮಾಲೆಯನ್ನು ಆ ಪಟಕ್ಕೆ ಹಾಕಿಬಿಟ್ಟ. ಹಣೆಗೊಂದು ಬೊಟ್ಟು ಬೇರೆ. ಅಷ್ಟರಲ್ಲಿ ಬಾಸ್ ಬಂದರು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ. "ತೀರಿಕೊಂಡ ಹಿರಿಯರಿಗೆ ನಮ್ಮಲ್ಲಿ ಹೀಗೇ ಗೌರವ ಸರ್" ಎಂದ ಇಂಜಿನಿಯರ್. ಬಾಸಿನ ಕಣ್ಣು ತುಂಬಿತು. ಅಂದಿನಿಂದ ಪ್ರತಿ ಸೋಮವಾರದ ಮೀಟಿಂಗಿನಲ್ಲಿ ನಮಗೆ ಮುತ್ತಜ್ಜನ ಪೂರ್ತಿ ಚರಿತ್ರೆ.

ಬಾಯಿಬಿಟ್ಟು ಹೇಳಿ

ಜೀತದ ರೈತರನ್ನು ಬಿಡುಗಡೆ ಮಾಡಿದರೆ ದೇಶದ ಬೊಕ್ಕಸಕ್ಕೂ ಲಾಭ ಎಂದು ಮುತ್ತಜ್ಜ ಮಂತ್ರಿಯ ಮುಖಕ್ಕೇ ಹೇಳಿದ್ದರಂತೆ.

"ನೀವೂ ಹಾಗೇ ನನ್ನ ತಪ್ಪು ಹೇಳಬೇಕು" ಎಂದರು ಬಾಸ್.

ಎಲ್ಲರೂ ಕಾರ್ಪೆಟ್ ನೋಡಿದೆವು. ನಾನು ಮೆಲ್ಲಗೆ, "ಆಮೇಲೆ ಮುತ್ತಜ್ಜನಿಗೆ ಏನಾಯಿತು ಸರ್?" ಎಂದೆ.

"ಕೆಲಸ ಹೋಯಿತು" ಎಂದರು ಹೆಮ್ಮೆಯಿಂದ. "ಮಂತ್ರಿ ಬದಲಾದ ಮೇಲೆ ಮತ್ತೆ ಕರೆದರು. ಮತ್ತೆ ನಿಜ ಹೇಳಿದರು. ಮತ್ತೆ ಹೋಯಿತು."



ಸಹಿ

ಕೊನೆಗೆ ನನ್ನ ವೀಸಾಕ್ಕೆ ಬಾಸಿನ ಸಹಿ ಬೇಕಾದ ದಿನ ಬಂತು. ಅದು ಸಿಗದಿದ್ದರೆ ಅಲ್ ಕುಸೈಸ್‌ನ ಫ್ಲಾಟು, ಮಗಳ ಸ್ಕೂಲು ಎಲ್ಲ ಖಲಾಸ್.

"ಏನು ಕೇಳಿದ್ರೂ ಯೆಸ್ ಸರ್ ಹೇಳಿ ಬನ್ನಿ ಮಾರಾಯ್ರೆ" ಎಂದಳು ಹೆಂಡತಿ, ಬೆಳಿಗ್ಗೆ ಇಡ್ಲಿ ಬಡಿಸುತ್ತಾ.

ಬಾಸ್ ಪೆನ್ನು ತೆಗೆದರು. "ಮೊದಲು ನನ್ನದೊಂದು ತಪ್ಪು ಹೇಳು."

"ನೀವು ಆರೋಗ್ಯ ನೋಡಿಕೊಳ್ಳದೆ ದುಡಿಯುತ್ತೀರಿ ಸರ್."

"ಹುಬ್ಬಳ್ಳಿಯವನೂ ಇದನ್ನೇ ಹೇಳಿದ. ನಿಜ ಹೇಳು." ಪೆನ್ನಿಗೆ ಕ್ಯಾಪ್ ಹಾಕಿದರು.

ಹೆದರಿಕೆಗೆ ನನ್ನ ಬಾಯಿಂದ ನಿಜವೇ ಹೊರಬಿತ್ತು. "ಮುತ್ತಜ್ಜನ ಕಥೆ ತುಂಬಾ ಉದ್ದ ಸರ್. ನಮ್ಮ ಊಟದ ಹೊತ್ತು ಮೀರಿ ಹೋಗುತ್ತದೆ."

ಬಾಸ್ ಪಟ ನೋಡಿದರು. ನನ್ನನ್ನು ನೋಡಿದರು. ಎದ್ದು ಬಂದು ಕೈ ಕುಲುಕಿ, ಸಹಿ ಹಾಕಿದರು. ಹೋದ ಜೀವ ಬಂತು.

ಮುಂದಿನ ಮೀಟಿಂಗಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಇವನ ಮಾತು ನಿಜ. ಒಂದೇ ದಿನಕ್ಕೆ ಕಥೆ ಉದ್ದವಾಯಿತು. ಇವತ್ತಿನಿಂದ ದಿನಾ ಸ್ವಲ್ಪ ಸ್ವಲ್ಪ ಹೇಳುತ್ತೇನೆ."

ಹೊರಗೆ ಬಂದ ಮೇಲೆ ಹುಬ್ಬಳ್ಳಿಯವನು ನನ್ನನ್ನು ಪಕ್ಕಕ್ಕೆ ಕರೆದ.

"ನಿಂದೊಂದು ಫೋಟೋ ಕೊಡಪಾ" ಎಂದ. "ನಾಳೆ ಮಾಲಿ ತರ್ತೀನಿ."