ಮಾಮಿಯ ಕೆರಿಬಿಯನ್

ಕತಾರಿನ ಅಲ್ ಮನ್ಸೂರಾದ ನಮ್ಮ ಕಟ್ಟಡದಲ್ಲಿ ಈ ಪ್ರಕರಣವನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ: "ಎರಡನೇ ಮಹಡಿಯ ಶಾಹಿದಾ ತನ್ನ ಅತ್ತೆಯನ್ನು ನಡುಸಮುದ್ರದಲ್ಲಿ ಬಿಟ್ಟು ಬಿರಿಯಾನಿ ತಿನ್ನಲು ಹೋದಳು." ಈ ವಾಕ್ಯವನ್ನು ನಾನು ಪೂರ್ತಿಯಾಗಿ ವಿರೋಧಿಸುತ್ತೇನೆ. ಮೊದಲನೆಯದಾಗಿ, ನಾನು ಹೊರಟಾಗ ಅಲ್ಲಿ ಸಮುದ್ರವೇ ಇರಲಿಲ್ಲ. ಎರಡನೆಯದಾಗಿ, ನಾನು ಅವರನ್ನು ಬಿಟ್ಟದ್ದಲ್ಲ, ಅವರೇ ಬರಲೊಪ್ಪಲಿಲ್ಲ. ಕೊನೆಯದಾಗಿ, ನಾನು ಹೋದದ್ದು ಬಿರಿಯಾನಿ ತರುವುದಕ್ಕೆ. ತಿಂದವರು ನನ್ನ ಗಂಡ!

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಂದೇ ವಿಷಯದ ಪರವಾಗಿ ಮಾತಾಡಿ ಒಂದು ವರ್ಷ, ವಿರೋಧವಾಗಿ ಮಾತಾಡಿ ಮರುವರ್ಷ ಬಹುಮಾನ ಹೊಡೆದವಳು ನಾನು. ಆಧಾರವಿಲ್ಲದ ಮಾತನ್ನು ಒಪ್ಪುವ ಅಭ್ಯಾಸ ನನಗಿಲ್ಲ. ಮದುವೆಯಾಗಿ ಕತಾರಿಗೆ ಬಂದ ಮೇಲೆ ಮಾತ್ರ ಎದುರಾಳಿಗಳ ಬರಗಾಲ. ರಫೀಕ್, ಅಂದರೆ ನನ್ನ ಗಂಡ, ನಾನು ಎರಡನೇ ಅಂಶಕ್ಕೆ ಬರುವ ಮೊದಲೇ "ನೀನು ಹೇಳುದು ಸರಿ" ಎಂದು ಮಗ್ಗುಲು ಬದಲಿಸುತ್ತಾರೆ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅವರ ತಾಯಿ, ನಾನು ಮಾಮಿ ಎಂದು ಕರೆಯುವ ನನ್ನ ಅತ್ತೆ, ಇಡೀ ದಿನದಲ್ಲಿ ಆಡುವ ಮಾತು ನನ್ನ ಒಂದು ಪೀಠಿಕೆಗೂ ಸಾಲದು. ಉಳಿದದ್ದು ಮೇಲಿನ ಮಹಡಿಯ ಲಿಲ್ಲಿ ಆಂಟಿ.

ಲಿಲ್ಲಿ ಆಂಟಿ ಉಡುಪಿ ಕಡೆಯವರು. ಅವರ ಮಗ ದೊಡ್ಡ ಪ್ರವಾಸಿ ಹಡಗೊಂದರ ಅಡುಗೆ ವಿಭಾಗದಲ್ಲಿದ್ದ. ಅವನ ಪುಣ್ಯದಿಂದ ಆಂಟಿ, ಅಂಕಲ್ ಇಬ್ಬರೂ ಕೆರಿಬಿಯನ್ ದ್ವೀಪಗಳಿಗೆ ಕ್ರೂಸ್ ಹೋಗಿ ಬಂದಿದ್ದರು. ಬಂದ ಮೇಲೆ ಕಟ್ಟಡದಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಮಹಡಿ ಮಹಡಿ ಇಳಿಯುತ್ತಿದ್ದರು.

"ಎಂತ ನೀರು ಮಾರಾಯ್ತಿ! ಗಾಜು ಕರಗಿಸಿ ಹೊಯ್ದ ಹಾಗೆ. ಮರಳು ನೋಡಿದ್ರೆ ಮೈದಾ ಹಿಟ್ಟು!"

"ಆಂಟಿ, ಸಮುದ್ರ ಅಂದರೆ ಉಪ್ಪುನೀರು. ಅಲ್ಲಿಯದೂ ಉಪ್ಪು, ಇಲ್ಲಿಯದೂ ಉಪ್ಪು. ಹೆಚ್ಚಿನದ್ದು ಎಂತ ಉಂಟು? ಅಷ್ಟು ದೂರ ಹೋದ ಮೇಲೆ ಚಂದ ಕಾಣಲೇಬೇಕು ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿರ್ತದೆ."

"ನೀನು ಫೋಟೋ ನೋಡು."

"ಫೋಟೋ ಸಾಕ್ಷ್ಯ ಅಲ್ಲ."

ಆಗ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಮಾಮಿ ಬಾಯಿ ತೆರೆದರು. "ಲಿಲ್ಲಿ, ಆ ದ್ವೀಪದ ನಡುವಲ್ಲಿ ನಿಂತ್ರೆ ನಾಲ್ಕೂ ಕಡೆ ನೀರು ಕಾಣ್ತದಾ?"

"ಸಣ್ಣ ದ್ವೀಪ ಆದ್ರೆ ಕಾಣ್ತದೆ. ಎತ್ತ ತಿರುಗಿದ್ರೂ ನೀರೇ."

ಮಾಮಿ ಕೈ ಒರೆಸಿಕೊಂಡು ಆ ಫೋಟೋವನ್ನು ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಅವರು ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಉಳ್ಳಾಲದಲ್ಲಿ, ಅಲೆಯ ಸದ್ದು ಕೇಳುವಷ್ಟು ಹತ್ತಿರ. ಆದರೆ ದೋಣಿ ಹತ್ತುವುದು ಗಂಡಸರ ಕೆಲಸ. ಅವರ ಕಡಲು ಯಾವಾಗಲೂ ಒಂದೇ ಕಡೆ, ಪಡುವಣಕ್ಕೆ, ತೆಂಗಿನಮರಗಳ ಸಂದಿನಲ್ಲಿ.

"ಒಮ್ಮೆ ಹಾಗೆ ನಿಲ್ಲಬೇಕಿತ್ತು" ಎಂದರು. ಮತ್ತೆ ಬೆಳ್ಳುಳ್ಳಿ.

ಬಂದಂದಿನಿಂದ ಅವರು ಏನನ್ನೂ ಕೇಳಿರಲಿಲ್ಲ. ಮುಂದಿನ ವಾರ ಅವರು ಊರಿಗೆ ಹೋಗುವವರು. ನನ್ನೊಳಗಿನ ಭಾಷಣಕಾರ್ತಿ ಎದ್ದು ನಿಂತಳು.

"ಅದಕ್ಕೆ ಕೆರಿಬಿಯನ್ ಯಾಕೆ ಮಾಮಿ? ಈ ಕತಾರಿಗೇ ಮೂರು ಕಡೆ ಸಮುದ್ರ. ನಾಲ್ಕನೆಯದ್ದು ನಾನು ಒದಗಿಸ್ತೇನೆ!"

ಲಿಲ್ಲಿ ಆಂಟಿ ನಕ್ಕರು. "ಹುಷಾರು, ಶಾಹಿದಾ. ಇಲ್ಲಿಯ ಕಡಲು ನಮ್ಮದರ ಹಾಗೆ ಅಲ್ಲ. ನೀರು ಇಳಿದ್ರೆ ತುಂಬ ದೂರ ಹೋಗ್ತದಂತೆ."

"ಅಂತೆ! ಯಾರು ಹೇಳಿದ್ದು? ಆಂಟಿ, ನಾವು ಕರಾವಳಿಯವರು. ಭರತ, ಇಳಿತ ನಮಗೆ ಯಾರೂ ಕಲಿಸಬೇಡಿ. ಇಳಿತ ಅಂದರೆ ಹತ್ತು ಹೆಜ್ಜೆ ಒದ್ದೆ ಮರಳು ಹೆಚ್ಚು ಸಿಗ್ತದೆ, ಅಷ್ಟೆ. ನೀವು ತೀರ್ಪುಗಾರರಾಗಿ ಬನ್ನಿ. ನೋಡಿಯೇ ಹೇಳಿ."

ಉಮ್ಮ್ ಸಲಾಲ್‌ನಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಶರೀಫ್ ಕಾಕ ನಮ್ಮೂರಿನವರು. ಮೀನು ಹಿಡಿಯುವ ಹುಚ್ಚಿಗೆ ಅಲ್ ಖೋರ್‌ನಲ್ಲಿ ಇಂಜಿನ್ ಇರುವ ಸಣ್ಣ ದೋಣಿಯೊಂದನ್ನು ಇಟ್ಟುಕೊಂಡಿದ್ದರು. ಈವರೆಗೆ ಹಿಡಿದ ಮೀನಿಗಿಂತ ಕೆಟ್ಟ ಇಂಜಿನ್‌ಗಳೇ ಹೆಚ್ಚು. ರಫೀಕ್ ಕೇಳಿದ್ದೇ ತಡ, "ಯಲ್ಲಾ, ಶುಕ್ರವಾರ ಹೋಗುವಾ. ಆ ಕಡೆ ನೀರಿನ ನಡುವೆ ಒಂದು ಮರಳದಿಬ್ಬ ಉಂಟು. ಯಾವತ್ತೂ ಮುಳುಗುದಿಲ್ಲ" ಎಂದರು.

"ಮುಳುಗುವುದಿಲ್ಲ ಅನ್ನುವುದಕ್ಕೆ ಆಧಾರ?" ಎಂದು ನಾನು ಕೇಳಿದೆ.

"ಅಲ್ಲಿ ಗಿಡ ಉಂಟು ಮಾರಾಯ್ತಿ!"

ಶುಕ್ರವಾರ ಬೆಳಿಗ್ಗೆ ನಾವು ಐವರು ಹೊರಟೆವು. ಲಿಲ್ಲಿ ಆಂಟಿ ಕ್ರೂಸಿನ ಅಗಲ ಟೋಪಿ ಮತ್ತು ಕಪ್ಪು ಕನ್ನಡಕದಲ್ಲಿದ್ದರು. ಮಾಮಿ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ನನ್ನ ಕೈಯಲ್ಲಿ ದೊಡ್ಡ ಪಾತ್ರೆಯ ತುಂಬ ಕೋಳಿ ಬಿರಿಯಾನಿ. ದೋಣಿಗೆ ಕಾಲಿಡುವಾಗ ಮಾಮಿ ಒಂದು ಕ್ಷಣ ನಿಂತರು, ತುಟಿಯಲ್ಲೇ ಬಿಸ್ಮಿ ಹೇಳಿದರು, ಹತ್ತಿಯೇ ಬಿಟ್ಟರು. ಆಮೇಲೆ ದೋಣಿಯ ಅಂಚನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ, ಶರೀಫ್ ಕಾಕ ಅದನ್ನು ಮರಳಿ ಕೇಳುವುದು ಕಷ್ಟವಿತ್ತು.

ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಾಲುವೆ ದಾಟಿ ತೆರೆದ ನೀರಿಗೆ ಬಂದೆವು. ನಾನು ಕೆಳಗೆ ಬಗ್ಗಿ ನೋಡಿದೆ. ತಳ ಕಾಣುತ್ತಿತ್ತು. ಮರಳಿನ ಮೇಲೆ ನಮ್ಮದೇ ದೋಣಿಯ ನೆರಳು ನಮ್ಮ ಜೊತೆಗೇ ಈಜುತ್ತಿತ್ತು. ಹಸಿರೋ ನೀಲಿಯೋ ಎಂದು ಹೇಳಲಾಗದ ಒಂದು ಬಣ್ಣ ದಿಗಂತದವರೆಗೆ ಹರಡಿ, ಎಲ್ಲಿ ಮುಗಿದು ಎಲ್ಲಿ ಆಕಾಶವಾಯಿತೆಂದು ಗೊತ್ತಾಗುತ್ತಿರಲಿಲ್ಲ. ನಮ್ಮೂರ ಕಡಲು ಕಂದು, ನೊರೆ, ಗದ್ದಲ. ಇದು ಉಸಿರು ಹಿಡಿದು ಮಲಗಿದ ಹಾಗಿತ್ತು. ಉಪ್ಪುನೀರು ಎಂದು ನಾನು ಕೊಟ್ಟ ವ್ಯಾಖ್ಯಾನ ಇದಕ್ಕೆ ಸಾಲದೆನಿಸಿತು. ನಾನು ಸುಮ್ಮನೆ ಕೂತೆ.

ರಫೀಕ್ ಗಾಬರಿಯಾದರು. "ಶಾಹಿದಾ, ವಾಂತಿ ಬರ್ತದಾ?"

ದಿಬ್ಬ ಸಣ್ಣದು. ನೆತ್ತಿಯಲ್ಲಿ ನಾಲ್ಕು ಕುರುಚಲು ಗಿಡ, ಸುತ್ತ ಕಪ್ಪೆಚಿಪ್ಪಿನ ಪುಡಿ ಬೆರೆತ ಬಿಳಿ ಮರಳು. ಮಾಮಿ ನೇರವಾಗಿ ನಡುವಿಗೆ ಹೋಗಿ ನಿಂತು ನಿಧಾನಕ್ಕೆ ಒಂದು ಸುತ್ತು ತಿರುಗಿದರು. ನಾನು ಚಪ್ಪಾಳೆಗೆ ಸಿದ್ಧಳಾದೆ.

"ಆ ಕಡೆ ನೀರಿಲ್ಲ" ಎಂದರು ಮಾಮಿ.

ಹೌದು. ದಡದ ಕಡೆಗೆ ಮರಳಿನ ಉದ್ದ ನಾಲಗೆಯೊಂದು ಆಗಲೇ ನೀರಿನಿಂದ ತಲೆ ಎತ್ತಿತ್ತು.

"ಬರ್ತದೆ ಮಾಮಿ. ಸ್ವಲ್ಪ ಕಾಯಿರಿ" ಎಂದೆ, ಸಮುದ್ರ ನನ್ನ ಮಾತಿಗೇ ಕಾದು ಕೂತಿದೆ ಎಂಬಂತೆ.

ಅಷ್ಟರಲ್ಲಿ ಗಂಡಸರಿಗೆ ಜುಮಾ ನಮಾಜಿನ ಹೊತ್ತಾಯಿತು. "ಎಲ್ಲ ಒಟ್ಟಿಗೇ ದಡಕ್ಕೆ ಹೋಗುವಾ, ಊಟ ಅಲ್ಲೇ ಮಾಡುವಾ" ಎಂದು ರಫೀಕ್ ಹೇಳಿ ನೋಡಿದರು. ನಾನು ಆ ಸೂಚನೆಯನ್ನು ತಳ್ಳಿಹಾಕಿದೆ. ಮಾಮಿಗೆ ನಾಲ್ಕನೇ ಕಡೆ ಇನ್ನೂ ಬಾಕಿ ಇತ್ತಲ್ಲ! "ನೀವು ನಮಾಜು ಮುಗಿಸಿ ಬನ್ನಿ, ನಾವು ಇಲ್ಲೇ ಇರ್ತೇವೆ."

"ಬಿರಿಯಾನಿ ಪಾತ್ರೆ ಇಳಿಸ್ಲಾ?"

"ಬೇಡ. ಮರಳು ಬೀಳ್ತದೆ. ದೋಣಿಯಲ್ಲೇ ಇರಲಿ."

ದೋಣಿ ಹೋಯಿತು. ಹಿಂದೆಯೇ ಸಮುದ್ರವೂ ಹೊರಟಿತು.

ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ನಮ್ಮೂರಲ್ಲಿ ಕಡಲು ಹಿಂದೆ ಸರಿಯುವಾಗಲೂ ನಾಲ್ಕು ಅಲೆ ಎಸೆದು, ಹೆದರಿಸಿ ಸರಿಯುತ್ತದೆ. ಇದು ಸಭೆಯಿಂದ ಮೆಲ್ಲಗೆ ಎದ್ದು ಹೋಗುವವರ ಹಾಗೆ ಹೋಯಿತು. ಎಡಗಡೆ ನೋಡಿದರೆ ಬಲಗಡೆ ಖಾಲಿ, ಬಲಗಡೆ ನೋಡಿದರೆ ಎಡಗಡೆ.

"ಈಗ ಎರಡೇ ಕಡೆ" ಎಂದರು ಮಾಮಿ.

ನಾನು ಗುರುತ್ವಾಕರ್ಷಣೆ, ಚಂದ್ರ ಇತ್ಯಾದಿಗಳ ಬಗ್ಗೆ ಮಾತಾಡಿದೆ.

"ಈಗ ಒಂದು."

"ಶಾಹಿದಾ, ನಿನ್ನ ಹತ್ತು ಹೆಜ್ಜೆ ಎಲ್ಲಿಯವರೆಗೆ ಉಂಟು?" ಎಂದು ಲಿಲ್ಲಿ ಆಂಟಿ ಕನ್ನಡಕ ತೆಗೆದು ಕೇಳಿದರು.

ಕೊನೆಗೆ ಯಾವ ಕಡೆಯೂ ಉಳಿಯಲಿಲ್ಲ. ನಾನು ಕ್ರೂಸ್ ಏರ್ಪಡಿಸಿದೆ, ಸಮುದ್ರ ಖಲಾಸ್!

ದೂರದಲ್ಲಿ ಶರೀಫ್ ಕಾಕನ ದೋಣಿ ಕಾಣಿಸಿತು. ಬರುತ್ತಿತ್ತು, ಬರುತ್ತಿತ್ತು, ನಿಂತಿತು. ಸ್ವಲ್ಪ ಓರೆಯಾಗಿ, ಮರುಭೂಮಿಯಲ್ಲಿ ಯಾರೋ ಮರೆತುಹೋದ ವಸ್ತುವಿನ ಹಾಗೆ. ಎರಡು ಚುಕ್ಕೆಗಳು ಕೈ ಬೀಸಿದವು. ನಾನು ತಕ್ಷಣ ಠರಾವು ಮಂಡಿಸಿದೆ: ಮೂವರೂ ನಡೆದು ದೋಣಿಯ ಹತ್ತಿರ ಹೋಗುವುದು.

"ನನ್ನ ಮೊಣಗಂಟು ಕೇಳುದಿಲ್ಲ" ಎಂದರು ಲಿಲ್ಲಿ ಆಂಟಿ.

"ನಾನು ನೀರು ನೋಡ್ಲಿಕ್ಕೆ ಬಂದದ್ದು" ಎಂದರು ಮಾಮಿ. "ನೋಡದೆ ಏಳುದಿಲ್ಲ."

"ಮಾಮಿ, ನೀರು ಹೋಯ್ತು!"

"ಹೋದದ್ದು ಬರ್ತದೆ ಅಂತ ನೀನೇ ಹೇಳಿದ್ದಲ್ವಾ?"

ನನ್ನದೇ ವಾದ, ನನಗೇ ಗುಂಡು! ಸರಿ, ಊಟವಾದರೂ ತರೋಣ ಎಂದು ಒಬ್ಬಳೇ ಹೊರಟೆ. ಇದೇ ಆ ಕುಖ್ಯಾತ 'ಬಿಟ್ಟು ಹೋಗುವಿಕೆ'.

ಆ ನಡಿಗೆಯ ಬಗ್ಗೆ ತಮಾಷೆ ಮಾಡಲು ನನಗೆ ಈಗಲೂ ಬಾಯಿ ಬರುವುದಿಲ್ಲ. ನಾನು ಸಮುದ್ರದ ನೆಲದ ಮೇಲೆ ನಡೆಯುತ್ತಿದ್ದೆ. ಮರಳಿನ ಮೇಲೆ ನೀರು ಬಿಟ್ಟುಹೋದ ಸಾಲುಸಾಲು ಗೆರೆಗಳು. ಗೆರೆಗಳ ನಡುವೆ ಉಳಿದ ತೆಳುನೀರಿನಲ್ಲಿ ಆಕಾಶದ ತುಂಡುಗಳು. ಉಗುರಿನಷ್ಟು ಏಡಿಗಳು ನನ್ನ ಹೆಜ್ಜೆಗೆ ಒಟ್ಟಿಗೇ ಮಾಯವಾಗಿ, ದಾಟಿದ ಮೇಲೆ ಒಟ್ಟಿಗೇ ಹೊರಬರುತ್ತಿದ್ದವು. ಆಚೆ ಗುಲಾಬಿ ಬಣ್ಣದ ಕೊಕ್ಕರೆಯಂಥ ಹಕ್ಕಿಗಳ ಹಿಂಡೊಂದು ತಲೆ ತಗ್ಗಿಸಿ ಮೇಯುತ್ತಿತ್ತು. ಬೆಳಿಗ್ಗೆ ನಾನು ದೋಣಿಯಿಂದ ಬಗ್ಗಿ ನೋಡಿದ ಜಾಗದಲ್ಲಿ ಈಗ ನನ್ನ ಚಪ್ಪಲಿ! ಇಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ಎದ್ದು ಹೋಗಬಲ್ಲದು ಎಂದು ಯಾರಾದರೂ ಹೇಳಿದ್ದರೆ ನಾನು ಪುರಾವೆ ಕೇಳುತ್ತಿದ್ದೆ.

ಪುರಾವೆ ಒಂದು ಚಪ್ಪಲಿಯನ್ನು ನುಂಗಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು ದೋಣಿ ತಲುಪಿದೆ. ರಫೀಕ್ ಬಿರಿಯಾನಿ ತಿನ್ನುತ್ತಿದ್ದರು.

"ನಿಮ್ಮ ಉಮ್ಮ ಇನ್ನೂ ತಿನ್ನಲಿಲ್ಲ!"

"ಸ್ವಲ್ಪ ಉಪ್ಪು ನೋಡಿದ್ದು, ಅಷ್ಟೆ" ಎಂದರು ಬಾಯಿ ತುಂಬ ಅನ್ನ ಇಟ್ಟುಕೊಂಡು.

"ನೀರು ಬರುವವರೆಗೆ ಮಾಫಿ, ಎಂತ ಮಾಡ್ಲಿಕ್ಕೂ ಇಲ್ಲ. ಕೂತುಕೊಳ್ಳಿ" ಎಂದರು ಶರೀಫ್ ಕಾಕ.

ಕೂರುವುದೇ? ದೋಣಿಯ ಹಿಂಬದಿಯ ಅಡಿಯಲ್ಲಿ ಮೊಣಕಾಲಿನಷ್ಟು ನೀರಿನ ಗುಂಡಿ ಇತ್ತು. ಇಂಜಿನ್ ಜೋರಾಗಿ ಓಡಿಸಿದರೆ ದೋಣಿ ತಾನೇ ಕಿತ್ತುಕೊಂಡು ಹೊರಡುತ್ತದೆ ಎಂದು ನಾನು ಮೂರು ಅಂಶಗಳಲ್ಲಿ ಪ್ರತಿಪಾದಿಸಿದೆ. ಶರೀಫ್ ಕಾಕ ಎರಡನೇ ಅಂಶಕ್ಕೇ ಸೋತು ಹಗ್ಗ ಎಳೆದರು. ಇಂಜಿನ್ ಗುಡುಗಿತು. ಕರಿ ಕೆಸರು ಕಾರಂಜಿಯಂತೆ ಎದ್ದು ಮೂವರ ಮೇಲೂ ನ್ಯಾಯವಾಗಿ ಹಂಚಿಹೋಯಿತು. ಆಮೇಲೆ ಒಂದು ಕೆಮ್ಮು. ಆಮೇಲೆ ಏನೂ ಇಲ್ಲ. ಇಂಜಿನ್ನಿನ ನೀರಿನಡಿಯ ಫ್ಯಾನಿಗೆ ಕಡಲಹುಲ್ಲು ಜಡೆ ಹೆಣೆದಂತೆ ಸುತ್ತಿಕೊಂಡಿತ್ತು!

ರಫೀಕ್ ನನ್ನನ್ನು ನೋಡಿದರು. "ನೀನು ಹೇಳುದು ಸರಿ" ಎಂದು ಅವರು ಹೇಳದೇ ಇದ್ದದ್ದು ಮದುವೆಯಾದ ಮೇಲೆ ಅದೇ ಮೊದಲು.

ನಾವು ಹುಲ್ಲು ಬಿಡಿಸುತ್ತಿರುವಾಗಲೇ ಬಿಸಿಲು ವಾಲಿತು. ಆಗ ನನ್ನ ಬರಿಗಾಲಿಗೆ ತಣ್ಣಗೆ ಏನೋ ತಾಗಿತು. ನೋಡಿದರೆ ನೀರು. ಅಲೆ ಇಲ್ಲ, ನೊರೆ ಇಲ್ಲ. ಗೆರೆಗಳನ್ನು ಒಂದೊಂದಾಗಿ ಅಳಿಸುತ್ತ, ನನ್ನ ಹೆಜ್ಜೆಗಳನ್ನು ತುಂಬುತ್ತ, ಎಲ್ಲ ಕಡೆಯಿಂದ ಒಟ್ಟಿಗೇ ಬರುತ್ತಿತ್ತು. ತಲೆಯೆತ್ತಿದಾಗ ದಿಬ್ಬಕ್ಕೂ ನಮಗೂ ನಡುವೆ ಹೊಳೆಯುವ ನೀರಿನ ಹಾಳೆ. ಮರಳಿನ ನಾಲಗೆಯೂ ಇಲ್ಲ.

ಗಿಡ ಇರುವುದರಿಂದ ಮುಳುಗುವುದಿಲ್ಲ ಎಂಬ ವಾದ ಬೆಳಿಗ್ಗೆ ದುರ್ಬಲವಾಗಿ ಕಂಡಿತ್ತು. ಈಗ ಅದೇ ನನ್ನ ಪ್ರಾಣ. ದೋಣಿಯ ಮೂತಿಯ ಮೇಲೆ ಹತ್ತಿ, ಸಭಾಂಗಣಗಳ ಕೊನೆಯ ಸಾಲಿಗೆ ಮೈಕಿಲ್ಲದೆ ಮುಟ್ಟಿದ ನನ್ನ ಕಂಠದಲ್ಲಿ ಕೂಗಿದೆ: "ಮಾಮೀ! ಹೆದರಬೇಡಿ! ಮೇಲೆ ಹೋಗಿ! ಮಾಮೀ!"

ಲಿಲ್ಲಿ ಆಂಟಿ ಟೋಪಿ ತೆಗೆದು ಬೀಸಿದರು. ಮಾಮಿ ಮಾತ್ರ ಬೆನ್ನು ತಿರುಗಿಸಿಯೇ ನಿಂತಿದ್ದರು.

ಮತ್ತೆ ಕೂಗಿದೆ. ಹಕ್ಕಿಗಳ ಹಿಂಡು ಎದ್ದು ಹಾರಿಹೋಯಿತು. ಮಾಮಿ ಅಲುಗಲಿಲ್ಲ.

ದೋಣಿಯನ್ನು ತಳ್ಳುತ್ತ, ಸೊಂಟದವರೆಗಿನ ನೀರಿನಲ್ಲಿ ನಾವು ದಿಬ್ಬ ತಲುಪುವಾಗ ಸೂರ್ಯ ಕೆಳಗಿಳಿದಿದ್ದ. ನೀರೆಲ್ಲ ತಾಮ್ರ. ಅದರ ನಡುವೆ ಒಂದು ಕೋಣೆಯಷ್ಟು ಮರಳು, ನಾಲ್ಕು ಗಿಡ. ಮಾಮಿ ಹಬ್ಬದ ಸೀರೆಯನ್ನು ಕಣಕಾಲಿನಿಂದ ಸ್ವಲ್ಪ ಎತ್ತಿ ಹಿಡಿದು ನೀರಿನ ಅಂಚಿನಲ್ಲಿ ನಿಂತಿದ್ದರು. ನಿಧಾನಕ್ಕೆ ಒಂದು ಸುತ್ತು ತಿರುಗಿದರು. ಕೆಸರಿನ ಮೂರು ವಿಗ್ರಹಗಳಾಗಿ ನಾವು ಅವರ ಕಣ್ಣಿಗೆ ಬಿದ್ದೆವು. ನಮ್ಮನ್ನು ದಾಟಿ ಅವರ ದೃಷ್ಟಿ ಮತ್ತೆ ನೀರಿಗೆ ಹೋಯಿತು.

ಲಿಲ್ಲಿ ಆಂಟಿ ಮೆಲ್ಲನೆ ಹೇಳಿದರು: "ಅಲ್ಲಿ ಎಷ್ಟೋ ದ್ವೀಪ ನೋಡಿದೆ ಶಾಹಿದಾ. ಆದ್ರೆ ನಿಂತ ನೆಲ ಕಣ್ಣೆದುರೇ ದ್ವೀಪ ಆಗುದನ್ನು ನೋಡಿರ್ಲಿಲ್ಲ."

ತೀರ್ಪು ನನ್ನ ಪರವಾಗಿಯೇ ಬಂತು. ಆದರೆ ಕಾರ್ಯಕ್ರಮ ಏರ್ಪಡಿಸಿದವಳು, ಎಲ್ಲರ ಬಾಯಿ ಮುಚ್ಚಿಸಿದವಳು ಆ ಹೊತ್ತಿಗೆ ದೂರದಲ್ಲಿ ಫ್ಯಾನಿನ ಹುಲ್ಲು ಕೀಳುತ್ತಿದ್ದಳು. ಆ ದಿನ ಅದನ್ನು ಸರಿಯಾಗಿ ನೋಡದೇ ಉಳಿದ ಹೆಂಗಸು ನಾನೊಬ್ಬಳೇ!

ಇಂಜಿನ್ ಕೊನೆಗೂ ಎದ್ದು ದಡಕ್ಕೆ ಮರಳುವಾಗ ಮಾಮಿ ನನ್ನ ಪಕ್ಕದಲ್ಲಿ ಕೂತಿದ್ದರು. ದೋಣಿಯ ಅಂಚನ್ನು ಹಿಡಿದಿರಲಿಲ್ಲ. ಒಂದು ಕೈ ನೀರಿನಲ್ಲಿ ಇಳಿಬಿಟ್ಟಿದ್ದರು. ನನ್ನ ಗಂಟಲು ಕೂಗಿ ಕೂಗಿ ಒಡೆದಿತ್ತು. ಆದರೂ ಕೇಳಿದೆ:

"ಮಾಮಿ, ನಾನು ಅಷ್ಟು ಕೂಗಿದೆ. ಹಕ್ಕಿಗಳಿಗೂ ಕೇಳಿಸಿತು. ನಿಮಗೆ ನಿಜವಾಗಿ ಕೇಳಿಸಲಿಲ್ಲವಾ?"

"ಕೇಳಿಸಿತು" ಎಂದರು ಮಾಮಿ, ನೀರಿನಿಂದ ಕೈ ತೆಗೆಯದೆ, "ಆದ್ರೆ ನಾಲ್ಕನೇ ಕಡೆ ಆಗಷ್ಟೇ ಬರ್ತಾ ಇತ್ತು."